ಇತರೆ, ದಯವಿಟ್ಟು ವಿವರಿಸಿ

ಡುಲೂತ್ ನಗರಸಭೆ, ಮೂರನೆಯ ಮಹಡಿ, ಫೆಬ್ರವರಿ.
ಕಿಟಕಿಯಾಚೆ ಸುಪೀರಿಯರ್ ಸರೋವರ
ಅಲೆಯನ್ನೂ ಹಡಗನ್ನೂ ಮರೆತು ಬಿಳಿಚಿ ಮಲಗಿದೆ.
ನನ್ನ ಮೇಜಿನ ಮೇಲೆ ನಾಲ್ಕು ರಟ್ಟಿನ ಪೆಟ್ಟಿಗೆ:
ಮೂರು ಸಾವಿರ ಮನೆಗೆ ಹೋದ ಪ್ರಶ್ನೆಗೆ
ಆರುನೂರ ಹನ್ನೊಂದು ಮನೆ ಕಳಿಸಿದ ಉತ್ತರ.

ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ.
ಹಾಸಿಗೆಯ ಉದ್ದ ಹಣಕಾಸು ವಿಭಾಗಕ್ಕೆ ಗೊತ್ತು.
ಯಾರ ಕಾಲು ಹೊರಗುಳಿದು ಸೆಟೆಯಬೇಕು
ಅನ್ನುವುದಷ್ಟೇ ಈ ಪೆಟ್ಟಿಗೆಗಳಲ್ಲಿ.

ಕೆಲಸ ಸುಲಭ. ಗೀಚಿದ ಚೌಕ ನೋಡು, ಅಂಕಿ ಒತ್ತು.
ಹಿಮ ತೆಗೆಯುವುದು: ಎರಡು. ರಸ್ತೆ: ಒಂದು.
ಪೊಲೀಸ್: ಮೂರು, ಅದನ್ನು ಹೊಡೆದು ನಾಲ್ಕು, ಮತ್ತೆ ಮೂರು.
ಆ ಮನೆಯಲ್ಲಿ ರಾತ್ರಿ ಏನೋ ಮಾತಾಗಿದೆ.
ಒಂದರ ಮೇಲೆ ಕಾಫಿಲೋಟದ ಬಳೆ.
ಇನ್ನೊಂದರಲ್ಲಿ ಯಾವುದೋ ಮಗು
ಎಲ್ಲ ಚೌಕಕ್ಕೂ ಕಣ್ಣು ಮೂಗು ಬರೆದು
ನಗರಸಭೆಯನ್ನೇ ನಗಿಸಿಬಿಟ್ಟಿದೆ;
ಲೆಕ್ಕಕ್ಕೆ ಹಿಡಿಯುವಂತಿಲ್ಲ.

ತೊಡಕಿರುವುದು ಕೊನೆಯ ಪುಟದಲ್ಲಿ.
‘ಇತರೆ, ದಯವಿಟ್ಟು ವಿವರಿಸಿ.’
ಎರಡು ಗೆರೆಯ ಜಾಗ. ಜನ ಅಂಚು ಹತ್ತಿ
ಮಗ್ಗುಲಿಗೆ ಹೊರಳಿ ಬೆನ್ನಿಗೂ ಇಳಿದಿದ್ದಾರೆ.

“ಹೊಸ ಈಜುಕೊಳ ಬೇಡ. ನಮ್ಮ ಬೀದಿಯ ನಡುವೆ
ಒಂದಿದೆ. ಮಾರ್ಚಿನಲ್ಲಿ ಬಂದು ನೋಡಿ.”

“ಹಿಮ ಗೋರುವ ಲಾರಿ ನಾನು ಗೋರಿ ಮುಗಿಸುವವರೆಗೆ
ಮೂಲೆಯಲ್ಲಿ ಕಾದು ನಿಂತಿರುತ್ತದೆ. ಪ್ರಮಾಣ ಮಾಡುತ್ತೇನೆ.”

ಮುಂದಿನ ಐದು ವರ್ಷ ಇದೇ ಊರಲ್ಲಿರುವ ಸಂಭವ?
‘ತುಂಬಾ ಹೆಚ್ಚು’ ಎಂಬಲ್ಲಿ ಗಟ್ಟಿ ಗುರುತು; ಪಕ್ಕಕ್ಕೆ,
ಹೆಸರು ಬರೆಯಬೇಡಿ ಎಂದಿದ್ದರೂ:
“ಐಲಿ ಲಹ್ತೆಲಾ, ತೊಂಬತ್ತೊಂದು.
ಸ್ಮಶಾನ ಊರ ಗಡಿಯೊಳಗೇ ತಾನೆ?”

ಆಮೇಲೆ ಇದು, ಪೆನ್ಸಿಲಿನಲ್ಲಿ:
“ನಾಲ್ಕನೇ ಬೀದಿಯ ಬಸ್ ನಿಲ್ದಾಣದ ದೀಪ
ಕೆಟ್ಟು ಹದಿನಾಲ್ಕು ತಿಂಗಳು.
ಡ್ರೈವರಿಗೆ ನಾನು ಕಾಣುವುದಿಲ್ಲ, ಫೋನಿನ ಬೆಳಕು ಬೀಸುತ್ತೇನೆ.
ಆಸ್ಪತ್ರೆಯ ನೆಲ ಒರೆಸುವವಳು, ರಾತ್ರಿ ಪಾಳಿ.
ಕತ್ತಲಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ
ಯಾರನ್ನು ಕೇಳಲಿ?”

ಡೇಲ್ ಹೌಗೆನ್ ಕನ್ನಡಕ ಏರಿಸಿ ಓದಿದ, ಎರಡು ಸಲ.
ಬಸ್ಸು ಸಾರಿಗೆ ಮಂಡಳಿಯದು.
ಕಂಬ ವಿದ್ಯುತ್ ಕಂಪನಿಯದು.
ನೆಲ ಆಸ್ಪತ್ರೆಯದು.
ನಮ್ಮದು ಕತ್ತಲೆ ಮಾತ್ರ,
ಅದಕ್ಕೆ ಶೀರ್ಷಿಕೆ ಇಲ್ಲ.
“ತೊಂಬತ್ತೊಂಬತ್ತು ಹಾಕು,” ಎಂದ. ಹಾಕಿದೆ.

ನಾಲ್ಕನೆಯ ಪೆಟ್ಟಿಗೆ ತೆರೆದರೆ ಉತ್ತರಗಳಲ್ಲ,
ಹಿಂದಿರುಗಿದ ಲಕೋಟೆಗಳು.
‘ಈ ವಿಳಾಸದಲ್ಲಿ ಇಲ್ಲ.’ ‘ಇಲ್ಲ.’ ‘ಮನೆ ಖಾಲಿ.’
ಅವಕ್ಕೆ ತೊಂಬತ್ತೊಂಬತ್ತೂ ಇಲ್ಲ.

ಸೋಮವಾರ ಸಭೆ. ಪರದೆಯ ಮೇಲೆ ನೀಲಿ ಕಂಬಗಳು,
ಹಿಮದ್ದು ಎಲ್ಲಕ್ಕಿಂತ ಎತ್ತರ.
“ತಪ್ಪಿನ ಮಿತಿ?” ಕೇಳಿದರು ಒಬ್ಬ ಸದಸ್ಯೆ.
“ಶೇಕಡಾ ನಾಲ್ಕು,” ಎಂದ ಡೇಲ್, “ಹೆಚ್ಚು, ಇಲ್ಲವೇ ಕಡಿಮೆ.”
ಎರಡು ಹೊಸ ಲಾರಿ ಮಂಜೂರು.
ಭಾನುವಾರ ಗ್ರಂಥಾಲಯ ಬಂದ್.
ಅನ್ಯಾಯವೇನಲ್ಲ. ಕೇಳಿದ್ದೆವು, ಹೇಳಿದರು, ಕೊಟ್ಟೆವು.
ನಮ್ಮ ಬೀದಿಗೂ ಇನ್ನು ಲಾರಿ ಬೇಗ ಬರುತ್ತದೆ.

ಆ ರಾತ್ರಿ ನನ್ನ ನಿಲ್ದಾಣದಲ್ಲಿ ಇಳಿಯಲಿಲ್ಲ.
ಬಸ್ಸು ಗುಡ್ಡ ಹತ್ತಿತು, ನಾಲ್ಕನೇ ಬೀದಿಗೆ ತಿರುಗಿತು.
ಕತ್ತಲಲ್ಲಿ ಮಿಣುಕು ಬೆಳಕೊಂದು ಆಚೀಚೆ ಬೀಸಿತು.
ಹತ್ತು ಮಾರು ಮುಂದೆ ಹೋಗಿ ಬ್ರೇಕು ಕಿರುಚಿತು.
ಓಡಿಬಂದು ಹತ್ತಿದಳು,
ಬೂಟಿನ ಹಿಮ ಕುಟ್ಟಿ ಕೊಡವಿದಳು.
ಹೆಚ್ಚುಕಡಿಮೆ ಅವಳೇ.

ಗ್ರಂಥಾಲಯಕ್ಕೆ ಐದಕ್ಕೆ ಐದು ಕೊಟ್ಟಿದ್ದಳು, ನನಗೆ ನೆನಪಿದೆ.
ಹೇಳುವಂತಿಲ್ಲ. ಉತ್ತರಗಳು ಗೌಪ್ಯ.
ಚೀಲ ತೊಡೆಗೆಳೆದುಕೊಂಡು
ಕಿಟಕಿಯ ಕಡೆ ಸರಿದೆ.